ಠೇವಣಿ ಇಟ್ಟು ಪಡೆದ ಕ್ರೆಡಿಟ್ ಕಾರ್ಡ್: ಎರಡೂವರೆ ವರ್ಷ ಬಳಸಿದ ಮೇಲೆ

ಈ ಕಾರ್ಡ್ ತಗೊಂಡಾಗ ನನ್ನ ಕ್ರೆಡಿಟ್ ಸ್ಕೋರ್, ಅಂದರೆ ಸಾಲ ತೀರಿಸುವ ರೀತಿಗೆ ಸಿಗುವ ಅಂಕ, ನೆಲ ಕಚ್ಚಿತ್ತು. ಕೆಲಸ ಹೋಗಿ ಹಳೆಯ ಕಾರ್ಡಿನ ಬಿಲ್ ನಾಲ್ಕು ತಿಂಗಳು ಕಟ್ಟಿರಲಿಲ್ಲ. ಆಮೇಲೆ ಬ್ಯಾಂಕಿನವರ ಜೊತೆ ಮಾತಾಡಿ ಬಾಕಿಗಿಂತ ಕಡಿಮೆ ಹಣಕ್ಕೆ ಮುಗಿಸಿಕೊಂಡೆ. ಸಾಲ ತೀರಿತು ಅಂತ ನೆಮ್ಮದಿಯಿಂದ ಇದ್ದರೆ, ನನ್ನ ಸಾಲಗಳ ದಾಖಲೆಯಾದ ಕ್ರೆಡಿಟ್ ರಿಪೋರ್ಟಿನಲ್ಲಿ 'ಸೆಟಲ್ಡ್' ಅಂತ ಬಿದ್ದಿತ್ತು. ಪೂರ್ತಿ ಕಟ್ಟಿ ಮುಚ್ಚುವುದಕ್ಕೂ ಇದಕ್ಕೂ ಎಷ್ಟು ವ್ಯತ್ಯಾಸ ಅಂತ ಆಗಲೇ ಗೊತ್ತಾಗಿದ್ದು. ಗಾಬರಿಯಲ್ಲಿ ಒಂದರ ಹಿಂದೊಂದು ಕಾರ್ಡಿಗೆ ಅರ್ಜಿ ಹಾಕಿದೆ. ಅದೂ ತಪ್ಪು. ಪ್ರತಿ ಅರ್ಜಿಯೂ ರಿಪೋರ್ಟಿನಲ್ಲಿ ದಾಖಲಾಗುತ್ತದೆ.

ಕೊನೆಗೆ ಸಿಕ್ಕಿದ್ದು ಈ ಸೆಕ್ಯೂರ್ಡ್ ಕಾರ್ಡ್. ನಾವಿಟ್ಟ ಠೇವಣಿಯೇ ಬ್ಯಾಂಕಿಗೆ ಭದ್ರತೆ, ಲಿಮಿಟ್ ಕೂಡ ಅದಕ್ಕೆ ತಕ್ಕಷ್ಟೇ. ಹಾಗಂತ ಬಿಲ್ ಠೇವಣಿಯಿಂದ ಹೋಗಲ್ಲ, ಪ್ರತಿ ತಿಂಗಳು ನಾವೇ ಕಟ್ಟಬೇಕು. ತಗೊಳ್ಳುವ ಮೊದಲು ನಾನು ಕೇಳಿದ್ದು ಒಂದೇ ಪ್ರಶ್ನೆ: ಇದರ ಲೆಕ್ಕ ಪ್ರತಿ ತಿಂಗಳು ಕ್ರೆಡಿಟ್ ಬ್ಯೂರೋಗೆ (ಸಾಲದ ದಾಖಲೆ ಇಟ್ಟು ರಿಪೋರ್ಟ್ ಕೊಡುವ ಸಂಸ್ಥೆಗೆ) ಹೋಗುತ್ತಾ? ಹೋಗದಿದ್ದರೆ ಠೇವಣಿ ಕಟ್ಟಿಹಾಕಿ ಏನು ಉಪಯೋಗ, ಅಲ್ವಾ?

ಮೊದಲ ಐದು ತಿಂಗಳು ಒಂದು ದಿನವೂ ತಡ ಮಾಡಲಿಲ್ಲ. ಆದರೂ ಸ್ಕೋರ್ ಅಲ್ಲಾಡಲಿಲ್ಲ. ತುಂಬಾ ಬೇಜಾರಾಯಿತು. ಕಾರಣ ಹುಡುಕಿದಾಗ ನನ್ನ ಬಳಕೆಯಲ್ಲೇ ಸಿಕ್ಕಿತು. ಲಿಮಿಟ್ ಚಿಕ್ಕದು, ನಾನು ಅದರ 80% ಖರ್ಚು ಮಾಡುತ್ತಿದ್ದೆ. ಅಮೆರಿಕದಲ್ಲಿ ಹೆಚ್ಚು ಬಳಸುವ ಫೈಕೋ (FICO) ಸ್ಕೋರಿನ ಲೆಕ್ಕದಲ್ಲಿ ಸರಿಯಾಗಿ ಕಟ್ಟಿದ ಇತಿಹಾಸಕ್ಕೆ 35% ತೂಕವಾದರೆ, ಎಷ್ಟು ಸಾಲ ಇದೆ ಅನ್ನುವುದಕ್ಕೆ 30%. ಲಿಮಿಟ್ಟಿನ 30% ದಾಟಬೇಡಿ ಅಂತ ಎಲ್ಲರೂ ಹೇಳುವುದು ಇದಕ್ಕೇ.

ಇನ್ನೊಂದು ವಿಷಯ ನನಗೆ ಯಾರೂ ಹೇಳಿರಲಿಲ್ಲ. ಸಾಮಾನ್ಯವಾಗಿ ಬ್ಯೂರೋಗೆ ಹೋಗುವುದು ಸ್ಟೇಟ್‌ಮೆಂಟ್ ತಯಾರಾದ ದಿನದ ಬಾಕಿ. ಗಡುವಿನ ದಿನ ಪೂರ್ತಿ ಕಟ್ಟಿದರೂ ಅಷ್ಟರಲ್ಲಿ ದೊಡ್ಡ ಬಾಕಿ ದಾಖಲಾಗಿರುತ್ತದೆ. ಅಂದಿನಿಂದ ಕ್ಯಾಲೆಂಡರಿನಲ್ಲಿ ಎರಡು ದಿನಕ್ಕೆ ಸುತ್ತು ಹಾಕಿಡುತ್ತೇನೆ. ಸ್ಟೇಟ್‌ಮೆಂಟಿಗೆ ಮೂರು ದಿನ ಮುಂಚೆ ಕೆಂಪು ಸುತ್ತು, ಅವತ್ತು ಜಾಸ್ತಿ ಭಾಗ ಕಟ್ಟಿಬಿಡುವುದು. ಗಡುವಿಗೆ ನೀಲಿ ಸುತ್ತು, ಉಳಿದಿದ್ದನ್ನು ಪೂರ್ತಿ ತೀರಿಸುವುದು. ಕಾರ್ಡಿನ ಮೇಲೆ ಫೋನ್ ಬಿಲ್ ಮತ್ತು ಒಂದೆರಡು ಸಣ್ಣ ಖರ್ಚು ಬಿಟ್ಟು ಬೇರೇನೂ ಹಾಕಲ್ಲ. ಎರಡು ತಿಂಗಳಲ್ಲಿ ಸ್ಕೋರ್ ಮೇಲೆ ಹೊರಟಿತು.

ಆ್ಯಪ್ ಬಗ್ಗೆ ನನ್ನ ತಕರಾರು ಇದೆ. ಕಟ್ಟುವ ಪುಟ ತೆರೆದರೆ 'ಕನಿಷ್ಠ ಮೊತ್ತ' ಮೊದಲೇ ಆಯ್ಕೆಯಾಗಿರುತ್ತದೆ. ಪೂರ್ತಿ ಮೊತ್ತ ಕೆಳಗೆ ಸಣ್ಣ ಅಕ್ಷರದಲ್ಲಿ. ಆತುರದಲ್ಲಿ ಒತ್ತಿದರೆ ಮುಗೀತು. ಉಳಿದ ಬಾಕಿಗೆ ಬಡ್ಡಿ ಬೀಳುತ್ತದೆ, ಹೊಸ ಖರ್ಚಿಗೆ ಸಿಗಬೇಕಿದ್ದ ಬಡ್ಡಿಯಿಲ್ಲದ ಅವಧಿಯೂ ಹೋಗುತ್ತದೆ. ಒಂದು ಸಲ ನನಗೇ ಹೀಗಾಯಿತು. ಅವತ್ತು ಕಟ್ಟಿದ ಬಡ್ಡಿ ಇನ್ನೂ ಹೊಟ್ಟೆ ಉರಿಸುತ್ತದೆ. ಆಟೋ ಡೆಬಿಟ್ ಹಾಕುವಾಗಲೂ 'ಪೂರ್ತಿ ಮೊತ್ತ' ಅಂತಿದೆಯಾ ನೋಡಿಕೊಳ್ಳಿ. ನನ್ನದು ಮುಂದಿನ ಬಿಲ್‌ನಿಂದ ಶುರುವಾಯಿತು. ಮೊದಲ ತಿಂಗಳು ಸುಮ್ನೆ ನಂಬಿ ಕೂತಿದ್ದರೆ ಮತ್ತೆ ತಡವಾಗುತ್ತಿತ್ತು.

ವರ್ಷದ ಶುಲ್ಕ, ಕಟ್ಟಿಹಾಕಿದ ಠೇವಣಿ, ಚಿಕ್ಕ ಲಿಮಿಟ್, ಇವು ಇದ್ದೇ ಇವೆ. ಕಾರ್ಡಿನಿಂದ ನಗದು ತೆಗೆಯಲೇಬೇಡಿ, ಬಡ್ಡಿ ಅವತ್ತಿನಿಂದಲೇ ಓಡುತ್ತದೆ.

ರಿಪೋರ್ಟ್ ತೆಗೆದು ಸಾಲು ಸಾಲಾಗಿ ಓದಿದ್ದು ನಾನು ಮಾಡಿದ ಒಳ್ಳೆ ಕೆಲಸ. ಮುಗಿಸಿಕೊಂಡಿದ್ದ ಹಳೆಯ ಸಾಲಕ್ಕೆ ಇನ್ನೂ ಬಾಕಿ ತೋರಿಸುತ್ತಿತ್ತು. ಬ್ಯಾಂಕ್ ಕೊಟ್ಟಿದ್ದ ಪತ್ರ ಲಗತ್ತಿಸಿ ದೂರು ಕೊಟ್ಟೆ, ತಿದ್ದಿದರು. ಆ ಪತ್ರ ಎಸೆದಿದ್ದರೆ ಕಷ್ಟವಾಗುತ್ತಿತ್ತು.

900ರ ಅಳತೆಯಲ್ಲಿ 560 ಇದ್ದ ಸ್ಕೋರ್ ಈಗ 715. 'ಸೆಟಲ್ಡ್' ಅನ್ನುವ ಸಾಲು ಇನ್ನೂ ಹಾಗೇ ಇದೆ, ಅದನ್ನು ಈ ಕಾರ್ಡ್ ಅಳಿಸಲ್ಲ. ಕಳೆದ ತಿಂಗಳು ಈ ಕಾರ್ಡ್ ಕೊಟ್ಟ ಬ್ಯಾಂಕಿನವರೇ ಠೇವಣಿ ಇಲ್ಲದ ಕಾರ್ಡ್ ಕೊಡುತ್ತೇವೆ ಅಂತ ತಾವಾಗಿಯೇ ಹೇಳಿದರು. ತಗೊಂಡೆ. ಸೆಕ್ಯೂರ್ಡ್ ಕಾರ್ಡನ್ನು ಮಾತ್ರ ಮುಚ್ಚಿಲ್ಲ, ಖಾತೆಯ ವಯಸ್ಸೂ ಸ್ಕೋರಿಗೆ ಲೆಕ್ಕಕ್ಕೆ ಬರುತ್ತದೆ. ಫೋನ್ ಬಿಲ್ ಈಗಲೂ ಅದರಲ್ಲೇ ಹೋಗುತ್ತಿದೆ.