ಕೆಜಿಎಫ್‌ನಲ್ಲಿ ಅಗೆದ ಬಾಟಲಿ ಅಂತ ಯಾರಾದರೂ ತೋರಿಸಿದರೆ ಹುಷಾರು

ಹಳೇ ಬಾಟಲಿ ಹುಚ್ಚು ಇರೋರು ದಯವಿಟ್ಟು ಓದಿ. ಕೆಜಿಎಫ್‌ನ ಬ್ರಿಟಿಷ್ ಬಂಗಲೆ ಹಿಂದಿನ ತಿಪ್ಪೆಯಲ್ಲಿ ಅಗೆದದ್ದು, 1860ರ ಮಾಲು ಅಂತ ಹೇಳಿ ಒಬ್ಬ ನನಗೆ ಎರಡು ಬಾಟಲಿ ಮಾರಿದ. ಒಂದು ಗೋಲಿ ಸೋಡಾದು, ಒಂದು ಔಷಧಿದು. 4,500 ರೂಪಾಯಿ! ಬಿಲ್ ಕೇಳಿದರೆ, "ನೂರು ವರ್ಷ ದಾಟಿದ್ದು ಸಾರ್, ಬಿಲ್ ಕೊಟ್ರೆ ಪುರಾತತ್ವದವರು ಬರ್ತಾರೆ" ಅಂದ.

ಮನೆಗೆ ತಂದು ಬಕೆಟ್ ನೀರಿಗೆ ಹಾಕಿದೆ. ಕೆಂಪು ಮಣ್ಣು ಕರಗಲೇ ಇಲ್ಲ, ಹಾಳೆ ಹಾಳೆಯಾಗಿ ಎದ್ದು ಬಂತು. ಮೂಸಿದರೆ ಗೋಂದಿನ ವಾಸನೆ. ಒಳಗಿನ ಗಾಜು ಫಳಫಳ. ಗೋಲಿ ಬಾಟಲಿ ಬಾಯೊಳಗೆ ಬೆರಳು ಹಾಕಿದೆ. ಕರೀ ರಬ್ಬರ್ ರಿಂಗು, ಮೆತ್ತಗೆ, ಒತ್ತಿದರೆ ಪುಟಿಯುತ್ತದೆ. ಮಣ್ಣೊಳಗೆ ನೂರೈವತ್ತು ವರ್ಷ ಇದ್ದ ರಬ್ಬರ್ ಅಂತೆ! ಪಕ್ಕದಲ್ಲಿ ನಿಂತಿದ್ದ ಬಾಮೈದ, "ಭಾವ, ಇದು ನಮ್ಮೂರ ಸೋಡಾ ಅಂಗಡೀಲಿ ಇರೋದಲ್ವಾ?" ಅಂದ. ಮನೆಯವರೆಲ್ಲ ನಕ್ಕರು.

ಮಾರಿದವನಿಗೆ ಫೋನ್ ಮಾಡಿ ರಬ್ಬರ್ ರಿಂಗಿನ ಬಗ್ಗೆ ಕೇಳಿದೆ.

"ಗೋಲಿ ಆಚೆ ಬೀಳಬಾರದು ಅಂತ ನಾವೇ ಹೊಸ ರಿಂಗ್ ಹಾಕಿದ್ದು ಸಾರ್."

ಏನ್ ಹೇಳೋದು ಇವನಿಗೆ? ಗೋಲಿ ಒಳಗೆ ಬಿಟ್ಟ ಮೇಲೇ ಬಾಟಲಿ ಬಾಯಿ ಕಟ್ಟೋದು. ಅದು ಎಲ್ಲಿಂದ ಬೀಳುತ್ತೆ? ರಿಂಗ್ ಇರೋದು ಗ್ಯಾಸ್ ತಡೆಯೋಕೆ.

"ಮಣ್ಣಿಂದ ತೆಗೆದದ್ದು ಅಂದ್ರಲ್ಲ?"

"ಮಣ್ಣಿಂದಾನೇ ತೆಗೆದದ್ದು. ಮಣ್ಣಿಗೆ ಯಾವಾಗ ಹಾಕಿದ್ದು ಅಂತ ನೀವು ಕೇಳಲಿಲ್ವಲ್ಲ ಸಾರ್."

ಹೀಗಂತ ನನಗೇ ಹೇಳ್ತಾನೆ! ನಗ್ತಾ ಹೇಳ್ತಾನೆ!

1860 ಅನ್ನೋದೇ ಸುಳ್ಳು. ಅಲ್ಲಿ ಚಿನ್ನದ ಗಣಿ ನಡೆಸಿದ ಬ್ರಿಟಿಷರ ಜಾನ್ ಟೇಲರ್ ಕಂಪನಿ ಕೆಜಿಎಫ್‌ಗೆ ಬಂದದ್ದೇ 1880ರಲ್ಲಿ. ಗೋಲಿ ಬಾಟಲಿಗೆ ಇಂಗ್ಲೆಂಡಿನ ಹೈರಮ್ ಕಾಡ್ ಅನ್ನೋನು ಪೇಟೆಂಟ್ ತಗೊಂಡದ್ದು 1870ರ ದಶಕದ ಆರಂಭದಲ್ಲಿ. ಅಂಥ ಬಾಟಲಿ ನಮ್ಮ ದೇಶದಲ್ಲಿ ಇವತ್ತಿಗೂ ಹೊಸದಾಗಿ ತಯಾರಾಗುತ್ತೆ, ಎರಡು ದಿನ ಮಣ್ಣು ಮೆತ್ತಿ ಇಟ್ಟರೆ ಆಯ್ತು. ಇನ್ನು ಔಷಧಿ ಬಾಟಲಿ? ಅಚ್ಚಿನ ಗೆರೆ ತಳದಿಂದ ಬಾಯಿಯ ತುದಿ ದಾಟಿ ಹೋಗಿದೆ. ಹಾಗಿದ್ದರೆ ಮೆಷಿನ್‌ನಲ್ಲಿ ಮಾಡಿದ್ದು. ಬಾಟಲಿಯನ್ನ ಪೂರ್ತಿ ತಾನೇ ಮಾಡೋ ಓವೆನ್ಸ್ ಮೆಷಿನ್ ಅಮೆರಿಕದಲ್ಲಿ ಬಂದದ್ದು 1903ರ ಹೊತ್ತಿಗೆ. ಹಳೇ ಕೈಕೆಲಸದ ಬಾಟಲಿಯಲ್ಲಿ ಗೆರೆ ಕತ್ತಿನ ಹತ್ತಿರವೇ ನಿಂತುಬಿಡುತ್ತೆ, ಬಾಯಿ ಆಮೇಲೆ ಕೈಯಲ್ಲಿ ತಿದ್ದೋದು.

ದುಡ್ಡು ಕೊಡೋ ಮುಂಚೆ ಅಲ್ಲೇ, ಅವನ ಎದುರಿಗೇ ನೀರು ಹಾಕಿ ತೊಳೀರಿ. "ಮಣ್ಣು ಹೋದ್ರೆ ಬೆಲೆ ಹೋಗುತ್ತೆ ಸಾರ್" ಅಂತಾನೆ. ನನಗೂ ಅಂದಿದ್ದ. ಅಂದರೆ ಎದ್ದು ಬನ್ನಿ.

ದುಡ್ಡು ವಾಪಸ್ ಬರಲಿಲ್ಲ. ನಂಬರ್ ಬ್ಲಾಕ್ ಮಾಡಿದ್ದಾನೆ. ನಿನ್ನೆ ಬಾಮೈದನ ಮೊಬೈಲಿನಲ್ಲಿ ನೋಡಿದರೆ ಅಂಥದ್ದೇ ಜೋಡಿ, ಈ ಸಲ "ಮಡಿಕೇರಿ ಎಸ್ಟೇಟ್‌ನಲ್ಲಿ ಸಿಕ್ಕಿದ್ದು" ಅಂತೆ. ಬೆಲೆ ಐನೂರು ಜಾಸ್ತಿ ಮಾಡಿದ್ದಾನೆ.