ಹೊಟ್ಟು ಬೇರೆ, ತುರಿಕೆ ಬೇರೆ: ಸಣ್ಣ ನಾಯಿಯ ಚರ್ಮಕ್ಕೆ ಯಾವುದು ಹಿಡಿಸಿತು?

ನಮ್ಮ ಶಿಹ್ ಟ್ಜು ಪುಟ್ಟಿಗೆ ಎರಡು ಕಾಟ ಒಟ್ಟಿಗೇ ಇದ್ದವು. ಬೆನ್ನ ತುಂಬ ಬಿಳಿ ಹೊಟ್ಟು, ಜೊತೆಗೆ ಹೊತ್ತಿಲ್ಲದ ಹೊತ್ತಲ್ಲಿ ಪಾದ ನೆಕ್ಕೋದು. ನೆಕ್ಕಿ ನೆಕ್ಕಿ ಬೆರಳ ಸಂದಿಯ ಕೂದಲು ತುಕ್ಕು ಬಣ್ಣಕ್ಕೆ ತಿರುಗಿತ್ತು. ಹೊಟ್ಟು ಹೋಗಿದ್ದಕ್ಕೆ ತುರಿಕೆಯೂ ಹೋಗಬೇಕು ಅಂತ ಕಾದರೆ ಯಾವ ಉಪಾಯವೂ ಪಾಸಾಗುವುದಿಲ್ಲ. ಹಾಗಾಗಿ ಪ್ರತಿಯೊಂದಕ್ಕೂ ಎರಡು ಲೆಕ್ಕ ಇಟ್ಟೆ.

ಮೊದಲು ಹುಳ ಇಲ್ಲ ಅಂತ ಖಾತ್ರಿ ಆಗಬೇಕು. ನಾಯಿಯನ್ನು ಕಪ್ಪು ಕಾಗದದ ಮೇಲೆ ನಿಲ್ಲಿಸಿ ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಚಿ. ಉದುರಿದ ಹೊಟ್ಟು ತಾನಾಗೇ ಅಲುಗಾಡಿದರೆ ಅದು ಚೈಲಿಟಿಯೆಲ್ಲಾ ಎಂಬ ನುಸಿ, ಮನುಷ್ಯರಿಗೂ ಹತ್ತುತ್ತದೆ. ಕರಿ ಪುಡಿ ಬಿದ್ದರೆ ಒದ್ದೆ ಟಿಶ್ಯೂ ಮೇಲಿಡಿ. ಕೆಂಪಗೆ ಹರಡಿದರೆ ಅದು ಚಿಗಟದ ಹಿಕ್ಕೆ. ಪುಟ್ಟಿಯ ಕಾಗದದಲ್ಲಿ ಎರಡೂ ಸಿಗಲಿಲ್ಲ. ಬರೀ ಹೊಟ್ಟು.

ಶಾಂಪೂಗಳಲ್ಲಿ ಓಟ್‌ಮೀಲ್ ಒಂದು ಕಡೆ, ಕ್ಲೋರ್‌ಹೆಕ್ಸಿಡಿನ್ ಮತ್ತು ಮೈಕೊನಜೋಲ್ ಇರುವ ಔಷಧಿ ಶಾಂಪೂ ಇನ್ನೊಂದು ಕಡೆ. ಒಣ ಹೊಟ್ಟಿಗೆ ಓಟ್‌ಮೀಲ್ ಸಲೀಸಾಗಿ ಗೆದ್ದಿತು. ತುರಿಕೆಗೆ ಅದರ ಆಯಸ್ಸು ಒಂದೆರಡು ದಿನ ಅಷ್ಟೇ. ಔಷಧಿ ಶಾಂಪೂ ಬ್ಯಾಕ್ಟೀರಿಯಾ, ಯೀಸ್ಟ್ ಎಂಬ ಶಿಲೀಂಧ್ರಕ್ಕೆ ಮಾಡಿದ್ದು. ಚರ್ಮ ಜಿಡ್ಡಾಗಿ ಮುಗ್ಗಲು ವಾಸನೆ ಬರುತ್ತಿದ್ದರೆ ಅದೇ ಬೇಕು. ಬೆನ್ನಿಗೆ ಹಾಕಿದಾಗ ಚರ್ಮ ಇನ್ನಷ್ಟು ಒಣಗಿತು. ಪಾದಕ್ಕೆ ಮಾತ್ರ ಚೆನ್ನಾಗಿ ಹಿಡಿಸಿತು, ಯಾಕೆಂದರೆ ನೆಕ್ಕಿದ ಜಾಗ ಸದಾ ಒದ್ದೆಯಾಗಿದ್ದು ಅಲ್ಲಿ ಯೀಸ್ಟ್ ಸೇರಿತ್ತು. ಎರಡರಲ್ಲಿ ಯಾವುದೇ ಆಗಲಿ, ನೊರೆ 10 ನಿಮಿಷ ಮೈಮೇಲೆ ಇರಬೇಕು. ಗಡಿಯಾರ ನೋಡಿಕೊಂಡೇ ಇಟ್ಟೆ, ಅಂದಾಜಿನ 10 ನಿಮಿಷ 3 ನಿಮಿಷಕ್ಕೇ ಮುಗಿದುಬಿಡುತ್ತದೆ! ಸಣ್ಣ ನಾಯಿಗೆ ಬೇಗ ಚಳಿ ಹತ್ತುತ್ತದೆ. ಅದಕ್ಕೇ ನೊರೆ ಇರುವಷ್ಟು ಹೊತ್ತೂ ಉಗುರುಬೆಚ್ಚಗಿನ ನೀರು, ಟವೆಲ್ ಕೈಗೆ ಸಿಗುವ ಹಾಗಿರಲಿ.

ಎಣ್ಣೆ ವಿಷಯದಲ್ಲಿ ಪೈಪೋಟಿಯೇ ಇರಲಿಲ್ಲ. ಕೊಬ್ಬರಿ ಎಣ್ಣೆ ಸವರಿದರೆ ಹೊಟ್ಟು ಅಂಟಿಕೊಂಡು ಕಾಣದಂತಾಗುತ್ತದೆ, ಹೋಗುವುದಿಲ್ಲ. ಉಳಿದದ್ದನ್ನು ಪುಟ್ಟಿ ನೆಕ್ಕುತ್ತಾಳೆ, ಅವಳು ಬಿಟ್ಟದ್ದನ್ನು ಸೋಫಾ ಕುಡಿಯುತ್ತದೆ. ಊಟಕ್ಕೆ ಬೆರೆಸಿದ ಮೀನೆಣ್ಣೆ ನಿಧಾನ, 6ರಿಂದ 8 ವಾರ ಕಾಯಬೇಕು. ಆದರೆ ಹೊಟ್ಟು ನಿಜಕ್ಕೂ ಕಡಿಮೆಯಾಯಿತು, ಕೂದಲಿಗೆ ಹೊಳಪು ಬಂತು. ಡೋಸ್ ಜಾಸ್ತಿಯಾದರೆ ಭೇದಿ ಆಗಬಹುದು, ತೂಕಕ್ಕೆ ತಕ್ಕಂತೆ ಡಾಕ್ಟರ ಹತ್ತಿರವೇ ಕೇಳಿ. ಕಾಡ್ ಲಿವರ್ ಎಣ್ಣೆ ಇದಕ್ಕೆ ಬದಲಿ ಅಲ್ಲ. ಅದರಲ್ಲಿ ಎ ಮತ್ತು ಡಿ ವಿಟಮಿನ್ ಇರುತ್ತವೆ, ಸಣ್ಣ ಮೈಗೆ ಬೇಗ ಅತಿಯಾಗುತ್ತದೆ. ಅಗಸೆ ಎಣ್ಣೆಯೂ ಅಷ್ಟಕ್ಕಷ್ಟೆ, ಅದರಲ್ಲಿರುವ ಒಮೆಗಾ-3ಯನ್ನು ನಾಯಿಯ ಮೈ ಸರಿಯಾಗಿ ಬಳಸಿಕೊಳ್ಳುವುದಿಲ್ಲ.

ಊಟದಲ್ಲಿ ಎಲ್ಲರೂ ಮೊದಲು ಹೇಳೋದು ಧಾನ್ಯವಿಲ್ಲದ ಫುಡ್. ಆದರೆ ನಾಯಿಗಳಿಗೆ ಹೆಚ್ಚಾಗಿ ಅಲರ್ಜಿ ಮಾಡುವುದು ದನದ ಮಾಂಸ, ಹಾಲಿನ ಪದಾರ್ಥ, ಕೋಳಿ, ಆಮೇಲೆ ಗೋಧಿ. ಧಾನ್ಯ ತೆಗೆದು ಕೋಳಿ ತುಂಬಿದ ಚೀಲ ತಂದರೆ ಏನು ಬಂತು? ರಕ್ತ ಅಥವಾ ಎಂಜಲಿನ ಪರೀಕ್ಷೆಯಿಂದ ಊಟದ ಅಲರ್ಜಿ ನಂಬುವ ಹಾಗೆ ಗೊತ್ತಾಗುವುದಿಲ್ಲ. ಉಳಿಯುವುದು ಒಂದೇ ದಾರಿ: ಪ್ರೋಟೀನನ್ನು ಚೂರುಚೂರು ಮಾಡಿ ತಯಾರಿಸಿದ ಹೈಡ್ರೊಲೈಸ್ಡ್ ಫುಡ್, ಇಲ್ಲವೇ ನಾಯಿ ಹಿಂದೆಂದೂ ತಿನ್ನದ ಒಂದು ಮಾಂಸ. 8 ವಾರ ಅದು ಬಿಟ್ಟು ಬೇರೇನೂ ಕೊಡುವ ಹಾಗಿಲ್ಲ. ನಾನು ಹೈಡ್ರೊಲೈಸ್ಡ್ ಆರಿಸಿದೆ, ಅಳೆದು ಹಾಕಿದರೆ ಮುಗೀತು. ಕಷ್ಟ ಇರುವುದು ಊಟದಲ್ಲಲ್ಲ, ಮನೆಗೆ ಬಂದವರು ಸುಮ್ನೆ ಎಸೆಯುವ ಬಿಸ್ಕತ್ತಿನಲ್ಲಿ. ಮಾಂಸದ ರುಚಿ ಸೇರಿಸಿದ ಜಂತುಹುಳದ ಮಾತ್ರೆಯೂ ಲೆಕ್ಕ ಕೆಡಿಸುತ್ತದೆ. ಇಷ್ಟೆಲ್ಲ ಮಾಡಿದರೂ ಪುಟ್ಟಿಯ ನೆಕ್ಕಾಟ ತಗ್ಗಲಿಲ್ಲ. ಅಲ್ಲಿಗೆ ಊಟ ಅಲ್ಲ, ಧೂಳಿನ ನುಸಿ, ಪರಾಗದಂಥದ್ದಕ್ಕೆ ಬರುವ ಅಲರ್ಜಿ ಅಂತ ಡಾಕ್ಟರು ತೀರ್ಮಾನಿಸಿದರು.

ಔಷಧಿಗಳಲ್ಲಿ ಆಂಟಿಹಿಸ್ಟಮಿನ್ ಎಂಬ ಅಲರ್ಜಿ ಮಾತ್ರೆ ಅಗ್ಗದ್ದು, ಫಲವೂ ಅಷ್ಟರದ್ದೇ. ಮನುಷ್ಯರ ಶೀತದ ಮಾತ್ರೆಯನ್ನಂತೂ ಕೊಡಲೇಬೇಡಿ, ಸೂಡೊಎಫೆಡ್ರಿನ್ ಸೇರಿದ್ದರೆ ಸಣ್ಣ ನಾಯಿಯ ಜೀವಕ್ಕೇ ಅಪಾಯ. ತುರಿಕೆ ತಡೆಯುವ ಒಕ್ಲಾಸಿಟಿನಿಬ್ ಮಾತ್ರೆ ಕೊಟ್ಟ ಒಂದೇ ದಿನಕ್ಕೆ ನೆಕ್ಕುವುದು ನಿಂತಿತು. ಅದು 12 ತಿಂಗಳಾಗದ ಮರಿಗಳಿಗಲ್ಲ, ಸೋಂಕಿನ ಮೇಲೂ ಕಣ್ಣಿಡಬೇಕು. ಲೋಕಿವೆಟ್‌ಮ್ಯಾಬ್ ಇಂಜೆಕ್ಷನ್ ತುರಿಕೆಯ ಸಂದೇಶ ಒಯ್ಯುವ ಇಂಟರ್‌ಲ್ಯೂಕಿನ್-31 ಎಂಬ ಪ್ರೋಟೀನನ್ನೇ ತಡೆಯುತ್ತದೆ, ಒಂದು ಸಲ ಕೊಟ್ಟರೆ 4ರಿಂದ 8 ವಾರ. ನಮ್ಮಲ್ಲಿ ಇಂಜೆಕ್ಷನ್ನೇ ಉಳಿಯಿತು. ಪುಟ್ಟಿ ಮಾತ್ರೆಯನ್ನು ಕೆನ್ನೆಯಲ್ಲಿ ಬಚ್ಚಿಟ್ಟುಕೊಂಡು ಆಮೇಲೆ ಕರ್ಟನ್ ಹಿಂದೆ ಉಗುಳುವವಳು. ಹೊಟ್ಟಿನ ಮೇಲೆ ಮಾತ್ರ ಇಂಜೆಕ್ಷನ್ ಪ್ರಭಾವ ಸೊನ್ನೆ, ಓಟ್‌ಮೀಲ್ ಸ್ನಾನವೂ ಮೀನೆಣ್ಣೆಯೂ ಮುಂದುವರಿದಿವೆ.