ಭಾರತದ ರೈಲ್ವೆ ಖಾತರಿಯೋ, ನ್ಯೂಜಿಲೆಂಡಿನ ವೋಗೆಲ್ ಸಾಲವೋ?

ವಸಾಹತು ಸರ್ಕಾರಗಳ ಸಾಲದ ಬಗ್ಗೆ ಸೆಮಿನಾರ್ ಮಾಡಬೇಕು, ಇವೆರಡರಲ್ಲಿ ಯಾವುದು ಹಿಡಿಯಲಿ ಅಂತ ಕೇಳಿದ್ದೀರಿ.

ಮೊದಲು ಹೊರೆ ಯಾರ ಮೇಲೆ ಬಿತ್ತು ನೋಡಿ. ಭಾರತದಲ್ಲಿ 1849ರ ಒಪ್ಪಂದಗಳಿಂದ ರೈಲ್ವೆ ಕಂಪನಿಗಳಿಗೆ ಹೂಡಿದ ಬಂಡವಾಳದ ಮೇಲೆ ವರ್ಷಕ್ಕೆ ಶೇ. 5ರ ಆದಾಯದ ಖಾತರಿ ಸಿಕ್ಕಿತು. ರೈಲು ಅಷ್ಟು ದುಡಿಯದಿದ್ದರೆ ಕೊರತೆಯನ್ನು ತುಂಬುತ್ತಿದ್ದುದು ಇಲ್ಲಿನ ಬೊಕ್ಕಸ, ಅಂದರೆ ಕಂದಾಯ ಕಟ್ಟುವ ರೈತ. ಹೂಡಿದವನು ಲಂಡನ್ನಿನಲ್ಲಿ ನಿಶ್ಚಿಂತ! ಖರ್ಚು ಹಿಡಿತದಲ್ಲಿಡಲು ಕಂಪನಿಗೆ ಕಾರಣವೇ ಇರಲಿಲ್ಲ. 1870ರ ದಶಕದಿಂದ ಬೆಳ್ಳಿಯ ಬೆಲೆ ಇಳಿದು, ಬೆಳ್ಳಿ ನಾಣ್ಯವಾಗಿದ್ದ ರೂಪಾಯಿ ಕುಸಿದಾಗ, ಪೌಂಡಿನಲ್ಲಿ ಕೊಡಬೇಕಾದ ಬಡ್ಡಿ ಇನ್ನಷ್ಟು ಭಾರವಾಯಿತು.

ನ್ಯೂಜಿಲೆಂಡಿನಲ್ಲಿ 1870ರಲ್ಲಿ ಖಜಾಂಚಿ (ಅಂದರೆ ಹಣಕಾಸು ಸಚಿವ) ಜೂಲಿಯಸ್ ವೋಗೆಲ್ ಹತ್ತು ವರ್ಷಗಳಲ್ಲಿ ಒಂದು ಕೋಟಿ ಪೌಂಡ್ ಸಾಲ ಎತ್ತುವ ಯೋಜನೆ ಮುಂದಿಟ್ಟರು: ರೈಲು, ರಸ್ತೆ, ವಲಸಿಗರನ್ನು ಕರೆತರುವುದು. ಸಾಲ ಅದನ್ನೂ ಮೀರಿತು. ಆದರೆ ತೀರ್ಮಾನ ಅಲ್ಲಿನ ಚುನಾಯಿತ ಸಂಸತ್ತಿನದು; ಭಾರತಕ್ಕೆ ಆ ಭಾಗ್ಯವಿರಲಿಲ್ಲ. ಹಾಗಂತ ಅದು ನಿರ್ದೋಷಿಯೂ ಅಲ್ಲ, ರೈಲು ಓಡಿದ್ದು ಅಲ್ಲಿನ ಮೂಲನಿವಾಸಿಗಳಾದ ಮಾವೊರಿಗಳ ಕೈತಪ್ಪಿದ ನೆಲದ ಮೇಲೆ.

ಓದುವ ಸುಲಭಕ್ಕೆ ನ್ಯೂಜಿಲೆಂಡೇ ವಾಸಿ, ಕಥೆಗೆ ಒಬ್ಬ ನಾಯಕನಿದ್ದಾನೆ. ಸಮಯ ಕಡಿಮೆಯಿದ್ದರೆ ಅದನ್ನೇ ಹಿಡಿಯಿರಿ. ವಿನಿಮಯ ದರ, ಖಾತರಿಯ ಲೆಕ್ಕಾಚಾರ ಬಿಡಿಸುವ ತಾಳ್ಮೆಯಿದ್ದರೆ ಭಾರತ. ಬೆಂಗಳೂರಿನಲ್ಲಿ ಓದುವವರಿಗೆ ಇನ್ನೊಂದು ಅನುಕೂಲ: ಬರಗಾಲದ ಕಾಮಗಾರಿಯಾಗಿ ಎದ್ದ ಬೆಂಗಳೂರು–ಮೈಸೂರು ರೈಲುಮಾರ್ಗವನ್ನೂ ಪಕ್ಕದಲ್ಲಿಟ್ಟು ನೋಡಬಹುದು.